ಪಾತ್ರಕ್ಕೆ ಯಾರು ಸರಿ? ಸ್ಟಾರ್, ಹೊಸಮುಖ, ರಂಗನಟ, ಊರವರು, ಪರಭಾಷೆಯವರು

ಹೊಸ ಚಿತ್ರದ ಪೋಸ್ಟರ್ ಬಂದ ಹತ್ತು ನಿಮಿಷಕ್ಕೆ ವಾದ ಶುರು. ರಾವಣನ ಪಾತ್ರ ಯಶ್‌ಗೆ ಒಪ್ಪುತ್ತದೆಯೇ, ಹನುಮಂತನಾಗಿ ರಿಷಬ್ ಶೆಟ್ಟಿ ಹೇಗೆ ಕಾಣಬಹುದು, ಕನ್ನಡ ಚಿತ್ರಕ್ಕೆ ಮುಂಬೈಯಿಂದ ನಾಯಕಿಯನ್ನು ಯಾಕೆ ಕರೆಸಬೇಕಿತ್ತು ಎಂದು ಎಲ್ಲರದೂ ಒಂದೊಂದು ಅಭಿಪ್ರಾಯ. ಹೆಚ್ಚಿನ ಮಾತು ಮುಖದ ಬಗ್ಗೆ, ಮೈಕಟ್ಟಿನ ಬಗ್ಗೆ, ಮಾರುಕಟ್ಟೆಯ ಬಗ್ಗೆ. ಬಾಯಿಯ ಬಗ್ಗೆ ಯೋಚಿಸುವವರು ಕಡಿಮೆ. ನಮ್ಮ ಮಟ್ಟಿಗೆ ಎಲ್ಲ ತೀರ್ಮಾನವಾಗುವುದು ಅಲ್ಲೇ. ಪಾತ್ರ ಯಾವ ಊರಿನದು, ಆ ಊರಿನ ಮಾತು ಈ ನಟನ ಬಾಯಲ್ಲಿ ಕೂರುತ್ತದೆಯೇ, ತೆರೆಯ ಮೇಲೆ ಕೇಳುವ ಧ್ವನಿ ಅವರದೇ ಆಗಿರುತ್ತದೆಯೇ? ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಉಳಿದದ್ದನ್ನು ನೋಡಬಹುದು.

ಚಿಕ್ಕ ಅಥವಾ ಮಧ್ಯಮ ಬಜೆಟ್ಟಿನ ಕನ್ನಡ ಚಿತ್ರಕ್ಕೆ ಪಾತ್ರವರ್ಗ ಕಟ್ಟಲು ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇವೆ. ಬರಲಿರುವ ಚಿತ್ರಗಳ ಘೋಷಣೆಯನ್ನು ತೂಗಿ ನೋಡುವ ಪ್ರೇಕ್ಷಕರಿಗೂ ಇದೇ ಅಳತೆಗೋಲು ಸಾಕು.

ಮೊದಲು ಪಾತ್ರದ ಹಾಳೆ

ನಟರ ಹೆಸರು ಬರೆಯುವ ಮುಂಚೆ ಪ್ರತಿ ಪಾತ್ರಕ್ಕೂ ಒಂದು ಹಾಳೆ ಮಾಡಿ. ಊರು, ವಯಸ್ಸು, ಕಸುಬು, ಓದು, ಮನೆಯಲ್ಲಿ ಆಡುವ ಮಾತು, ಒಟ್ಟು ಎಷ್ಟು ದೃಶ್ಯ, ಯಾರ ಜೊತೆ ಕಾಂಬಿನೇಷನ್, ಎಷ್ಟು ದಿನದ ಕಾಲ್‌ಶೀಟ್ (ನಟರು ಚಿತ್ರೀಕರಣಕ್ಕೆ ಕೊಡುವ ದಿನಗಳು). ಮಾತಿನ ಸಾಲಿಗೆ ಬಂದಾಗ ‘ಕನ್ನಡ’ ಎಂದಷ್ಟೇ ಬರೆದರೆ ಏನೂ ಬರೆದಂತಾಗಲಿಲ್ಲ. ‘ಏನ್ಲಾ’ ಎನ್ನುವ ಮಂಡ್ಯದವನು, ‘ಮಾಡಾಕತ್ತೀನಿ’ ಎನ್ನುವ ಧಾರವಾಡದ ಕಡೆಯವನು, ‘ಹ್ವಾಯ್’ ಎಂದು ಕೂಗುವ ಕುಂದಾಪುರದವನು, ‘ಉಂಟು ಮಾರಾಯ’ ಎನ್ನುವ ಮಂಗಳೂರಿನವನು, ಇವರ ಉಸಿರಿನ ಜಾಗಗಳೇ ಬೇರೆ ಬೇರೆ. ಉಸಿರು ಬೇರೆಯಾದರೆ ಹೆಗಲು ಬೇರೆ, ಕಣ್ಣು ಬೇರೆ.

ಇಲ್ಲಿ ಆಗುವ ತಪ್ಪು ಯಾವಾಗಲೂ ಒಂದೇ. ಸಂಭಾಷಣೆಯನ್ನು ಬೆಂಗಳೂರಿನ ಕನ್ನಡದಲ್ಲಿ ಬರೆದು, ಸೆಟ್ಟಿನಲ್ಲಿ ನಟನಿಗೆ ‘ಸ್ವಲ್ಪ ಉತ್ತರ ಕರ್ನಾಟಕ ಹಾಕಿ’ ಎನ್ನುವುದು. ಆಗ ನಟ ಪ್ರತಿ ವಾಕ್ಯದ ಬಾಲಕ್ಕೆ ‘ರೀ’ ಅಂಟಿಸುತ್ತಾನೆ, ವಾಕ್ಯದ ನಡಿಗೆ ಮಾತ್ರ ಜಯನಗರದ್ದೇ ಇರುತ್ತದೆ. ಹುಬ್ಬಳ್ಳಿಯ ಪ್ರೇಕ್ಷಕ ಎರಡನೇ ದೃಶ್ಯಕ್ಕೇ ಕಳಚಿಕೊಳ್ಳುತ್ತಾನೆ. ಸರಿಯಾದ ದಾರಿ ನಿಧಾನದ್ದು: ಆ ಊರಿನವರಿಂದ ಸಾಲುಗಳನ್ನು ಮತ್ತೆ ಬರೆಸಿ, ಅವರ ಬಾಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿಸಿ, ಆ ಧ್ವನಿಯನ್ನು ಆಡಿಷನ್ನಿಗೂ ಮುಂಚೆ ನಟರಿಗೆ ಕೊಡಬೇಕು. ಕಾಗದ ಓದಿ ಕಲಿತ ಆಡುಮಾತು ಕಾಗದದ ಹಾಗೇ ಕೇಳುತ್ತದೆ.

ಸ್ಟಾರ್ ತೆಗೆದುಕೊಂಡರೆ ಏನು ಬರುತ್ತದೆ, ಏನು ಹೋಗುತ್ತದೆ

ಸ್ಟಾರ್ ಇದ್ದರೆ ಮೊದಲ ಮೂರು ದಿನದ ಚಿತ್ರಮಂದಿರ ಸಿಗುತ್ತದೆ, ವಿತರಕರು ಫೋನ್ ಎತ್ತುತ್ತಾರೆ, ಟಿವಿ ಮತ್ತು ಒಟಿಟಿ ಹಕ್ಕಿನ ಮಾತುಕತೆ ಮುಹೂರ್ತದ ದಿನವೇ ಶುರುವಾಗಬಹುದು. ಇದನ್ನು ಹಗುರವಾಗಿ ನೋಡಬಾರದು. ದೊಡ್ಡ ಸೆಟ್, ಹೊಡೆದಾಟ, ಗ್ರಾಫಿಕ್ಸ್ ಇರುವ ಕಥೆಗೆ ಹಣ ತರುವ ಬೇರೆ ದಾರಿ ಕನ್ನಡ ಚಿತ್ರೋದ್ಯಮದ ಗಾಂಧಿನಗರದಲ್ಲಿ ಇನ್ನೂ ಕಡಿಮೆಯೇ.

ಹೋಗುವುದು ಪಾತ್ರ. ಪ್ರವೇಶದ ದೃಶ್ಯ, ಅದರ ಬೆನ್ನಿಗೊಂದು ಹಾಡು, ಮಧ್ಯಂತರದ ಹೊಡೆದಾಟ, ಅಭಿಮಾನಿಗಳಿಗೆಂದೇ ನಾಲ್ಕು ಸಾಲು ಸೇರುತ್ತವೆ. ಕಥೆಯಲ್ಲಿ ಸೋಲಬೇಕಾದ ಮನುಷ್ಯ ಸೋಲುವುದನ್ನೇ ನಿಲ್ಲಿಸುತ್ತಾನೆ. ನಿಮ್ಮ ನಾಯಕ ಸಾಲಗಾರನೋ, ಹೇಡಿಯೋ, ತಪ್ಪು ಮಾಡಿ ತಲೆ ತಗ್ಗಿಸುವವನೋ ಆಗಿದ್ದರೆ ಚಿತ್ರಕಥೆಯನ್ನು ಪೂರ್ತಿ ಓದಿ ಕೇಳಿಸಿ, ಆ ಸೋಲಿನ ದೃಶ್ಯಕ್ಕೆ ಸ್ಪಷ್ಟ ಒಪ್ಪಿಗೆ ಪಡೆದ ಮೇಲೆಯೇ ಅಡ್ವಾನ್ಸ್ ಕೊಡಿ. ಕಥೆಯ ಎಳೆ ಮಾತ್ರ ಹೇಳಿ ಕೈಕುಲುಕಿದವರು ಆ ದೃಶ್ಯವನ್ನು ಸೆಟ್ಟಿನಲ್ಲಿ ಕಳೆದುಕೊಳ್ಳುತ್ತಾರೆ.

ವ್ಯವಹಾರದಲ್ಲಿ ಕೆಡುವುದು ಬಹುಪಾಲು ಗಡ್ಡ ಮತ್ತು ಕೂದಲಿನಿಂದ. ಅದೇ ನಟ ಇನ್ನೊಂದು ಚಿತ್ರಕ್ಕೆ ಗಡ್ಡ ತೆಗೆದರೆ ನಿಮ್ಮ ಉಳಿದ ಹತ್ತು ದಿನದ ಚಿತ್ರೀಕರಣ ಮೂರು ತಿಂಗಳು ಮುಂದಕ್ಕೆ ಹೋಗುತ್ತದೆ, ಅಷ್ಟರಲ್ಲಿ ಸೆಟ್ಟಿನ ಬಾಡಿಗೆ, ಪೋಷಕ ನಟರ ದಿನಗಳು, ಮಳೆಗಾಲ ಎಲ್ಲ ತಲೆಯ ಮೇಲೆ. ಕರಾರಿನಲ್ಲಿ ಒಟ್ಟು ದಿನಗಳನ್ನಷ್ಟೇ ಬರೆಯದೆ ‘ಈ ತಾರೀಕಿನಿಂದ ಈ ತಾರೀಕಿನವರೆಗೆ ಕೂದಲು, ಗಡ್ಡ, ತೂಕ ಬದಲಿಸುವಂತಿಲ್ಲ’ ಎಂದು ಬರೆಸಿ. ಸಂಭಾವನೆಯನ್ನು ಕಂತುಗಳಾಗಿ ಒಡೆದು, ಕೊನೆಯ ಕಂತನ್ನು ಡಬ್ಬಿಂಗ್ ಮುಗಿದ ದಿನಕ್ಕೆ ಇಡಿ. ಲೆಕ್ಕದಲ್ಲಿ ಇನ್ನೊಂದು ಜಾಗ ಜಾರುತ್ತದೆ. 10 ಲಕ್ಷ ರೂಪಾಯಿ ಸಂಭಾವನೆ ಎಂದರೆ, ನಟ ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಅದರ ಮೇಲೆ ಶೇ. 18, ಅಂದರೆ 1.8 ಲಕ್ಷ ಹೆಚ್ಚುವರಿ. ಶೇ. 10ರ ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಮಾತ್ರ ಆ 10 ಲಕ್ಷದ ಒಳಗಿನಿಂದಲೇ ಕಡಿತವಾಗುತ್ತದೆ. ‘ಕೈಗೆ 10 ಲಕ್ಷ’ ಎಂದು ಬಾಯಿಮಾತಿನಲ್ಲಿ ಒಪ್ಪಿಕೊಂಡವರು ಎರಡನ್ನೂ ತಾವೇ ತೆರುತ್ತಾರೆ.

ಎರಡು ಭಾಗಗಳ ಚಿತ್ರವಾದರೆ ಎರಡನೆಯದರ ದಿನಗಳನ್ನೂ ಮೊದಲೇ ಬರೆಸಿಕೊಳ್ಳಿ. ‘ಕೆಜಿಎಫ್’ ಮೊದಲ ಭಾಗದಲ್ಲಿ (2018) ಕಥೆ ಹೇಳುವ ಪತ್ರಕರ್ತ ಅನಂತ್ ನಾಗ್, ಎರಡನೆಯದರಲ್ಲಿ (2022) ಆ ಕುರ್ಚಿಯಲ್ಲಿ ಪ್ರಕಾಶ್ ರಾಜ್. ಅದೇ ಪಾತ್ರಕ್ಕೆ ಬೇರೆ ಮುಖ ಹಾಕದೆ, ಆ ಪತ್ರಕರ್ತನ ಮಗ ಮುಂದುವರಿಸುತ್ತಾನೆಂದು ಕಥೆಯಲ್ಲೇ ದಾರಿ ಮಾಡಿದರು. ನಟ ಬದಲಾದಾಗ ಪಾತ್ರವನ್ನೇ ಬದಲಿಸುವುದು ಪ್ರೇಕ್ಷಕನಿಗೆ ಕೊಡುವ ಮರ್ಯಾದೆ. ನಾವು ಅದನ್ನೇ ಹೇಳುತ್ತೇವೆ.

ಹೊಸಮುಖ: ಆಡಿಷನ್ ಸರಿಯಾಗಿ ಮಾಡಿದರೆ ಮಾತ್ರ

‘ನಾಗರಹಾವು’ ಚಿತ್ರದಲ್ಲಿ (1972) ಪುಟ್ಟಣ್ಣ ಕಣಗಾಲ್ ರಾಮಾಚಾರಿಯ ಪಾತ್ರಕ್ಕೆ ಹೊಸಬ ವಿಷ್ಣುವರ್ಧನ್ ಅವರನ್ನು ನಿಲ್ಲಿಸಿದರು. ಅಂಬರೀಶ್ ತೆರೆಗೆ ಬಂದದ್ದೂ ಅದೇ ಚಿತ್ರದಿಂದ. ಮುಂಗೋಪದ ಹುಡುಗನ ಪಾತ್ರಕ್ಕೆ ಪ್ರೇಕ್ಷಕರಿಗೆ ಆಗಲೇ ಪ್ರಿಯನಾದ ನಾಯಕ ಬಂದಿದ್ದರೆ ‘ಇವನು ಕೊನೆಗೆ ಗೆಲ್ಲುತ್ತಾನೆ’ ಎಂದು ಎಲ್ಲರೂ ನಿಶ್ಚಿಂತರಾಗಿರುತ್ತಿದ್ದರು. ಹೊಸಮುಖದ ದೊಡ್ಡ ಲಾಭ ಇದು: ಪಾತ್ರಕ್ಕೆ ಏನು ಬೇಕಾದರೂ ಆಗಬಹುದು ಎಂಬ ಭಯ ಪ್ರೇಕ್ಷಕನಲ್ಲಿ ಉಳಿಯುತ್ತದೆ. ಅಪರಾಧದ ಕಥೆ, ಮೊದಲ ಪ್ರೀತಿಯ ಕಥೆ, ಕಾಲೇಜಿನ ಕಥೆಗೆ ಹೊಸಬರೇ ಸರಿ. ಮಧ್ಯದ ದಾರಿಯೂ ಒಂದಿದೆ. ‘ಮುಂಗಾರು ಮಳೆ’ಗೆ (2006) ಮುಂಚೆ ಗಣೇಶ್ ಟಿವಿಯ ಹಾಸ್ಯ ಕಾರ್ಯಕ್ರಮದಿಂದ ಮನೆಮನೆಗೆ ಗೊತ್ತಿದ್ದವರು. ಮಾತಿನ ಮೇಲೆ ನಿಂತ ಪಾತ್ರಕ್ಕೆ, ದಿನವೂ ಮಾತಾಡಿ ಪಳಗಿದ ನಾಲಿಗೆ ಸಿಕ್ಕಿತು. ಧಾರಾವಾಹಿಯಿಂದ ಬರುವವರಿಗೆ ಸಾಲು ಬೇಗ ಬಾಯಿಗೆ ಬರುತ್ತದೆ, ಕ್ಯಾಮೆರಾ ಹೆದರಿಕೆಯೂ ಇಲ್ಲ. ಆದರೆ ಪ್ರತಿ ಭಾವಕ್ಕೂ ಹುಬ್ಬು ಎತ್ತುವ ಅಭ್ಯಾಸವನ್ನು ಬಿಡಿಸಬೇಕು.

ಆಡಿಷನ್ ಎರಡು ಸುತ್ತಿನಲ್ಲಿ ಮಾಡಿ. ಮೊದಲ ಸುತ್ತು ಮನೆಯಿಂದಲೇ ಕಳಿಸುವ ಎರಡು ನಿಮಿಷದ ವಿಡಿಯೊ. ಫೋನ್ ಅಡ್ಡ ಹಿಡಿದು, ಕಣ್ಣಿನ ಮಟ್ಟದಲ್ಲಿಟ್ಟು, ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ, ಎದೆಯಿಂದ ಮೇಲೆ. ಒಂದು ನಿಮಿಷ ತಮ್ಮ ಊರಿನ ಮಾತಿನಲ್ಲಿ ಮನೆಯ ವಿಷಯ ಏನಾದರೂ, ಇನ್ನೊಂದು ನಿಮಿಷ ನೀವು ಕೊಟ್ಟ ಸಾಲು. ಹೆಸರಾಂತ ಚಿತ್ರದ ಸಂಭಾಷಣೆ ಮಾಡಿ ಕಳಿಸಿ ಎನ್ನಬೇಡಿ. ಅದರಿಂದ ಅನುಕರಣೆ ಎಷ್ಟು ಬರುತ್ತದೆ ಎಂಬುದಷ್ಟೇ ತಿಳಿಯುತ್ತದೆ.

ಎರಡನೇ ಸುತ್ತು ಎದುರಿಗೆ. ಒಂದೂವರೆ ಪುಟದ ದೃಶ್ಯವನ್ನು ಹಿಂದಿನ ದಿನವೇ ಕೊಟ್ಟಿರಿ. ಎದುರು ಸಾಲು ಓದಲು ನಟನೆ ಗೊತ್ತಿರುವ ಒಬ್ಬರನ್ನು ಕೂರಿಸಿ. ಸಹಾಯಕ ನಿರ್ದೇಶಕರು ಪಟಪಟನೆ ಓದಿ ಮುಗಿಸಿದರೆ ಎದುರಿನವರ ನಟನೆ ಸಾಯುತ್ತದೆ. ಒಮ್ಮೆ ಮಾಡಿಸಿದ ಮೇಲೆ ಉಲ್ಟಾ ಸೂಚನೆ ಕೊಡಿ: ಜಗಳದ ದೃಶ್ಯವನ್ನು ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ ಎಂಬಂತೆ ಮಾಡಿ ಎನ್ನಿ. ಎರಡನೇ ಸಲವೂ ಮೊದಲಿನಂತೆಯೇ ಬಂದರೆ ಆ ನಟ ಮನೆಯಲ್ಲಿ ಗಟ್ಟಿಮಾಡಿದ್ದನ್ನು ಒಪ್ಪಿಸುತ್ತಿದ್ದಾನೆ, ನಿಮ್ಮ ಮಾತು ಕೇಳುತ್ತಿಲ್ಲ. ಸ್ವಲ್ಪ ತಡವರಿಸಿದರೂ ಬೇರೆಯಾಗಿ ಮಾಡಿದವರನ್ನೇ ಆರಿಸಿ. ಆಮೇಲೆ ಸುಮ್ಮನೆ ಕೇಳುವ ಒಂದು ದೃಶ್ಯ ಕೊಡಿ. ಮಾತಿಲ್ಲದಾಗ ಮುಖ ಆರಿಹೋಗುತ್ತದೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಸಂಜೆ ಎಲ್ಲ ರೆಕಾರ್ಡಿಂಗನ್ನೂ ಒಮ್ಮೆ ಚಿತ್ರ ನೋಡದೆ ಬರೀ ಕಿವಿಯಲ್ಲಿ ಕೇಳಿ. ಆ ಪಟ್ಟಿ ಕಣ್ಣಿನ ಪಟ್ಟಿಗಿಂತ ಬೇರೆಯೇ ಇರುತ್ತದೆ. ಎರಡೂ ಪಟ್ಟಿಯಲ್ಲಿ ಇರುವವರನ್ನು ಜೋಡಿ ಮಾಡಿಸಿ ನೋಡಿ, ಯಾಕೆಂದರೆ ಒಬ್ಬೊಬ್ಬರಾಗಿ ಚೆನ್ನಾಗಿ ಮಾಡಿದ ಇಬ್ಬರು ಒಟ್ಟಿಗೆ ನಿಂತಾಗ ತಣ್ಣಗಾಗುವುದುಂಟು.

ಹೊಸಬರನ್ನು ತೆಗೆದುಕೊಂಡ ಮೇಲೆ ಮೂರರಿಂದ ನಾಲ್ಕು ವಾರ ತಾಲೀಮು ಇಡಿ. ಅದಕ್ಕೂ ಸಂಬಳ ಕೊಡಿ. ಉಳಿತಾಯವೆಂದು ತಾಲೀಮು ಬಿಟ್ಟವರು ಸೆಟ್ಟಿನಲ್ಲಿ ಒಂದು ಶಾಟ್‌ಗೆ ಹದಿನೈದು ಟೇಕ್ ತೆಗೆದು ಅದೇ ಹಣವನ್ನು ಲೈಟು, ಕ್ಯಾಮೆರಾ ಬಾಡಿಗೆಯಾಗಿ ಕಟ್ಟುತ್ತಾರೆ.

ಅವಕಾಶ ಹುಡುಕುವವರಿಗೂ ಒಂದು ಮಾತು. ಆಡಿಷನ್ನಿಗೆ, ‘ನೋಂದಣಿ’ಗೆ, ‘ಪೋರ್ಟ್‌ಫೋಲಿಯೊ’ಗೆ ನಟರಿಂದ ಹಣ ಕೇಳುವವರು ಚಿತ್ರ ಮಾಡುವವರಲ್ಲ. ಆಡಿಷನ್ ಹಗಲಿನಲ್ಲಿ, ಕಚೇರಿಯಲ್ಲಿ, ಇನ್ನಿಬ್ಬರು ಮೂವರು ಇರುವಾಗ ನಡೆಯಬೇಕು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಯಾವುದೇ ಜಾಗದಂತೆ ಚಿತ್ರತಂಡಕ್ಕೂ, 2013ರ ಕಾಯ್ದೆಯ ಪ್ರಕಾರ, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಸಮಿತಿಯಲ್ಲಿ ಯಾರಿದ್ದಾರೆ ಎಂದು ಕರಾರಿನ ದಿನ ಕೇಳುವುದು ನಟಿಯರ ಹಕ್ಕು.

ರಂಗಭೂಮಿಯವರು

ಸಮಯ ಕಡಿಮೆ, ಮಾತು ಹೆಚ್ಚು, ಹಣ ಮಿತ ಎಂದಾದರೆ ನಮ್ಮ ಮೊದಲ ಆಯ್ಕೆ ಇವರೇ. ಹೆಗ್ಗೋಡಿನ ನೀನಾಸಂ, ಮೈಸೂರಿನ ರಂಗಾಯಣ, ಕರಾವಳಿಯ ತುಳು ರಂಗಭೂಮಿ ಮತ್ತು ಯಕ್ಷಗಾನ, ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳು ಕನ್ನಡ ಚಿತ್ರಗಳ ಪೋಷಕ ಪಾತ್ರಗಳನ್ನು ಹೊತ್ತುಕೊಂಡಿವೆ. ಅಚ್ಯುತ್ ಕುಮಾರ್, ರಂಗಾಯಣ ರಘು, ಸತೀಶ್ ನೀನಾಸಂ, ಮಂಡ್ಯ ರಮೇಶ್ ಬಂದದ್ದು ಅಲ್ಲಿಂದ. 2025ರಲ್ಲಿ ಜೆ.ಪಿ. ತುಮಿನಾಡು ನಿರ್ದೇಶಿಸಿದ ‘ಸು ಫ್ರಮ್ ಸೋ’ ಸ್ಟಾರ್ ನಾಯಕನಿಲ್ಲದೆ, ಕರಾವಳಿಯ ರಂಗನಟರನ್ನೇ ಊರ ತುಂಬ ನಿಲ್ಲಿಸಿ ರಾಜ್ಯದ ತುಂಬ ಓಡಿತು. ಆ ಊರಿನ ನಗೆ ಮೈಸೂರಿನವರಿಗೂ ತಲುಪಿದ್ದು ಮಾತನ್ನು ‘ಎಲ್ಲರಿಗೂ ಅರ್ಥವಾಗಲಿ’ ಎಂದು ನೀರು ಮಾಡದೆ ಹಾಗೇ ಬಿಟ್ಟದ್ದರಿಂದ ಎನ್ನುವುದು ನಮ್ಮ ಗಟ್ಟಿ ನಂಬಿಕೆ.

ರಂಗನಟರ ಬಲ ನೆನಪು. ಎರಡನೇ ಟೇಕಿನಲ್ಲೂ ಅದೇ ಪದಕ್ಕೆ ಲೋಟ ಎತ್ತುತ್ತಾರೆ, ಶಾಟಿನಿಂದ ಶಾಟಿಗೆ ಎಲ್ಲ ಹೊಂದುತ್ತದೆಯೇ ಎಂದು ಕಂಟಿನ್ಯುಟಿ ನೋಡುವವರಿಗೆ ನೆಮ್ಮದಿ. ದೌರ್ಬಲ್ಯ ಗಂಟಲು. ಕೊನೆಯ ಸಾಲಿಗೆ ಕೇಳಿಸಿ ಅಭ್ಯಾಸವಾದ ಧ್ವನಿ ಕಾಲರ್ ಮೈಕಿಗೆ ಸಿಡಿಯುತ್ತದೆ, ಹತ್ತಿರದ ಶಾಟಿನಲ್ಲಿ ಕಣ್ಣು ಅತಿಯಾಗಿ ಓಡಾಡುತ್ತದೆ. ಮದ್ದು ಸುಲಭ. ಇಬ್ಬರನ್ನು ಎದುರುಬದುರು, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಕೂರಿಸಿ, ದೃಶ್ಯವನ್ನು ಆ ಒಬ್ಬರಿಗೆ ಮಾತ್ರ ಕೇಳುವಂತೆ ಐದಾರು ಸಲ ಹೇಳಿಸಿ. ಆಮೇಲೆ ಎದ್ದು ನಿಂತು ಮಾಡುವಾಗಲೂ ಅದೇ ಅಳತೆ ಉಳಿಯುತ್ತದೆ. ಕಾಲ್‌ಶೀಟ್ ಕೇಳುವಾಗ ಅವರ ನಾಟಕದ ತಿರುಗಾಟ, ಮೇಳದ ದಿನಗಳನ್ನು ಮೊದಲು ಕೇಳಿ. ಒಪ್ಪಿಕೊಂಡ ಪ್ರದರ್ಶನ ಬಿಟ್ಟು ಬನ್ನಿ ಎಂದು ಒತ್ತಾಯಿಸುವುದು ಅನ್ಯಾಯ.

ಊರವರನ್ನೇ ನಿಲ್ಲಿಸುವುದಾದರೆ

ರಾಮ್ ರೆಡ್ಡಿ ಅವರ ‘ತಿಥಿ’ ಮಂಡ್ಯ ಜಿಲ್ಲೆಯ ಹಳ್ಳಿಯ ಜನರನ್ನೇ ಇಟ್ಟುಕೊಂಡು ಮಾಡಿದ ಚಿತ್ರ. 2015ರ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಕೊಪ್ಪಳದ ಕಡೆಯ ಕನ್ನಡದಲ್ಲಿ ಬಂದ ‘ಶಿವಮ್ಮ’ 2022ರಲ್ಲಿ ಬೂಸಾನ್ ಉತ್ಸವದಲ್ಲಿ ಗೆದ್ದಿತು. ‘ತಿಥಿ’ಯ ಗಡ್ಡಪ್ಪನ ನಡಿಗೆಯನ್ನು ಯಾವ ನಟನೂ ಹದಿನೈದು ದಿನದಲ್ಲಿ ಕಲಿಯಲಾರ.

ಆದರೆ ಇದು ಅಗ್ಗದ ದಾರಿಯಲ್ಲ. ಚಿತ್ರಕಥೆ ಕೈಗೆ ಕೊಟ್ಟರೆ ಅವರು ಶಾಲೆಯ ಮಕ್ಕಳಂತೆ ಒಪ್ಪಿಸುತ್ತಾರೆ. ಸಂದರ್ಭ ಹೇಳಿ, ದಾಟಲೇಬೇಕಾದ ಎರಡು ಮೂರು ಮಾತು ಮಾತ್ರ ಗೊತ್ತು ಮಾಡಿ, ಉಳಿದದ್ದನ್ನು ಅವರಿಗೇ ಬಿಡಬೇಕು. ಪ್ರತಿ ಟೇಕೂ ಬೇರೆಯಾಗಿ ಬರುವುದರಿಂದ ಎರಡು ಕ್ಯಾಮೆರಾ ಇದ್ದರೆ ಸಂಕಲನದಲ್ಲಿ ಉಸಿರಾಡಬಹುದು. ದೃಶ್ಯಗಳನ್ನು ಆದಷ್ಟು ಕಥೆಯ ಕ್ರಮದಲ್ಲೇ ತೆಗೆಯಿರಿ. ಅವರದೇ ಬಟ್ಟೆ, ಅವರದೇ ಚಪ್ಪಲಿ ಇರಲಿ. ಮುಖ್ಯವಾದದ್ದು ಧ್ವನಿ: ತೆರೆ ನೋಡಿ ತಮ್ಮ ತುಟಿಗೇ ತಾವು ಮಾತು ಕೂರಿಸುವುದು ಅಭ್ಯಾಸವಿಲ್ಲದವರಿಗೆ ಆಗದ ಕೆಲಸ. ಹಾಗಾಗಿ ಇಲ್ಲಿ ಸಿಂಕ್ ಸೌಂಡ್ (ಚಿತ್ರೀಕರಣದ ಹೊತ್ತಿನಲ್ಲೇ ಧ್ವನಿ ಹಿಡಿಯುವುದು) ಬಿಟ್ಟು ಬೇರೆ ದಾರಿ ಇಲ್ಲ. ಜನರೇಟರ್ ದೂರ ನಿಲ್ಲಿಸಬೇಕು, ಫ್ಯಾನ್ ಆರಿಸಬೇಕು, ಪಕ್ಕದ ಮನೆಯ ಮೋಟಾರ್ ಪಂಪ್ ಯಾವ ಹೊತ್ತಿಗೆ ಓಡುತ್ತದೆಂದು ತಿಳಿದಿರಬೇಕು. ಬಿತ್ತನೆ, ಕೊಯ್ಲಿನ ದಿನಗಳನ್ನು ತಪ್ಪಿಸಿ. ತಪ್ಪಿಸಲಾಗದಿದ್ದರೆ ಹೊಲಕ್ಕೆ ಆಳಿನ ಕೂಲಿಯನ್ನು ಸಂಭಾವನೆಗೆ ಸೇರಿಸಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಸಹಿಗೆ ಮುಂಚೆ ಗಟ್ಟಿಯಾಗಿ ಓದಿ ಹೇಳಿ.

ಮಕ್ಕಳಿದ್ದರೆ ಕಾನೂನು ಇನ್ನೂ ಬಿಗಿ. ಹದಿನಾಲ್ಕು ತುಂಬದ ಮಗುವಿನಿಂದ ನಟನೆ ಮಾಡಿಸಲು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಇಲ್ಲ, ವಿರಾಮವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ, ಸತತ 27 ದಿನಕ್ಕಿಂತ ಹೆಚ್ಚು ಕೆಲಸವಿಲ್ಲ, ಸಂಭಾವನೆಯ ಕನಿಷ್ಠ ಶೇ. 20 ಮಗುವಿನ ಹೆಸರಿನಲ್ಲಿ ಠೇವಣಿಯಾಗಬೇಕು. ಮಗು ಇರುವ ದೃಶ್ಯಕ್ಕೆ ಬೇರೆ ದೃಶ್ಯದ ಎರಡರಷ್ಟು ದಿನ ಹಾಕಿಕೊಂಡರೆ ಈ ನಿಯಮ ಭಾರವೆನಿಸುವುದಿಲ್ಲ.

ಪರಭಾಷೆಯವರು: ಎಲ್ಲರೂ ಒಂದೇ ಅಲ್ಲ

‘ಹೊರಗಿನವರು ಬೇಡ’ ಎಂಬ ಸಾರಾಸಗಟು ಮಾತನ್ನು ನಾವು ಒಪ್ಪುವುದಿಲ್ಲ. ಆದರೆ ಹೊರಗಿನವರು ಎಲ್ಲಿಂದ ಬಂದವರು ಎಂಬುದು ತುಂಬ ಮುಖ್ಯ, ಮತ್ತು ಅದನ್ನು ನಮ್ಮ ಕಚೇರಿಗಳಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕನ್ನಡದ ‘ಳ’ ತಮಿಳು, ತೆಲುಗು, ಮಲಯಾಳಂ, ಮರಾಠಿಯವರಿಗೆ ಗೊತ್ತು. ಹಿಂದಿಯವರ ನಾಲಿಗೆಗೆ ಹೊಸದು. ಹ್ರಸ್ವ ‘ಎ’, ‘ಒ’ ದಕ್ಷಿಣದ ಮೂರು ಭಾಷೆಯವರಿಗೂ ಇದೆ. ಹಿಂದಿ, ಮರಾಠಿಯವರು ಅದನ್ನು ಎಳೆಯುತ್ತಾರೆ. ತಮಿಳರಿಗೆ ‘ಕ’ ಮತ್ತು ‘ಗ’, ‘ತ’ ಮತ್ತು ‘ದ’ ಜಾಗ ಬದಲಿಸುವ ಅಪಾಯ ಇದೆ. ತೆಲುಗು, ಮಲಯಾಳಂನವರಿಗೆ ಅಕ್ಷರದ ತೊಂದರೆ ಕಡಿಮೆ, ರಾಗದ ತೊಂದರೆ ಹೆಚ್ಚು. ಆಡಿಷನ್ನಿನಲ್ಲಿ ಈ ಜೋಡಿಗಳನ್ನು ಹೇಳಿಸಿ: ಕೊಲೆ–ಕೊಳೆ, ಹಲ್ಲಿ–ಹಳ್ಳಿ, ಮನೆ–ಮಣೆ, ಬೆಳೆ–ಬೇಳೆ, ಕೊಡು–ಕೋಡು. ‘ಕೊಳೆ ಮಾಡ್ತೀನಿ’ ಎಂದು ಗುಡುಗುವ ಖಳನಾಯಕ ಯಾರನ್ನೂ ಹೆದರಿಸಲಾರ.

ಬರುವುದು ಖಚಿತವಾದರೆ, ಚಿತ್ರೀಕರಣಕ್ಕೆ ಕನಿಷ್ಠ ಹದಿನೈದು ದಿನ ಮುಂಚೆ ಮಾತು ಕಲಿಸುವವರನ್ನು ನೇಮಿಸಿ. ಸಾಲುಗಳನ್ನು ಅವರದೇ ಲಿಪಿಯಲ್ಲಿ ಬರೆದುಕೊಡಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹ್ರಸ್ವ ದೀರ್ಘ ಎರಡೂ ಮಾಯ. ಪಕ್ಕದಿಂದ ಪ್ರಾಂಪ್ಟಿಂಗ್ ಮಾಡಿ ಹೇಳಿಸುವ ಪದ್ಧತಿ ಕೆಡುಕು, ಯಾಕೆಂದರೆ ನಟಿಯ ಕಿವಿ ಪ್ರಾಂಪ್ಟರ್ ಕಡೆ ಇರುತ್ತದೆ, ಎದುರು ನಟನ ಕಡೆ ಇರುವುದಿಲ್ಲ. ಅದು ಕಣ್ಣಿನಲ್ಲಿ ಕಾಣುತ್ತದೆ.

ಇಷ್ಟೆಲ್ಲಕ್ಕಿಂತ ಉತ್ತಮ ಉಪಾಯ ಬರವಣಿಗೆಯಲ್ಲಿದೆ. ಪಾತ್ರವೇ ಹೊರಗಿನಿಂದ ಬಂದದ್ದಾದರೆ ಉಚ್ಚಾರದ ವ್ಯತ್ಯಾಸ ಪಾತ್ರದ್ದೇ ಆಗುತ್ತದೆ. ‘ಕೆಜಿಎಫ್ 2’ರಲ್ಲಿ ರವೀನಾ ಟಂಡನ್ ಪ್ರಧಾನಮಂತ್ರಿ. ದೆಹಲಿಯಲ್ಲಿ ಕೂತವರ ಕನ್ನಡ ಹೇಗಿರಬೇಕೆಂದು ಯಾರೂ ಕೇಳುವುದಿಲ್ಲ. ಅದೇ ನಟಿಯನ್ನು ಮಳವಳ್ಳಿಯ ಗೌಡರ ಹೆಂಡತಿ ಮಾಡಿದ್ದರೆ ಮೊದಲ ಮಾತಿಗೇ ಬೀಳುತ್ತಿತ್ತು. ಇನ್ನೊಂದು ಉಪಾಯ, ಹೊರಗೆ ಹೆಸರು ಮಾಡಿದ ನಮ್ಮವರನ್ನು ಕರೆಯುವುದು. ಗುಲ್ಶನ್ ದೇವಯ್ಯ ಬೆಂಗಳೂರಿನವರು, ಹಿಂದಿಯಲ್ಲಿ ವರ್ಷಗಟ್ಟಲೆ ನಟಿಸಿದವರು. 2025ರ ‘ಕಾಂತಾರ: ಅಧ್ಯಾಯ 1’ ಅವರ ಮೊದಲ ಕನ್ನಡ ಚಿತ್ರ. ಮಾರುಕಟ್ಟೆ, ಮಾತು ಎರಡೂ ಒಟ್ಟಿಗೆ ಸಿಗುವ ಇಂಥ ಹೆಸರುಗಳು ಮುಂಬೈಯಲ್ಲಿ, ರಂಗಶಾಲೆಗಳಲ್ಲಿ ಇನ್ನೂ ಇವೆ. ಹುಡುಕುವ ವ್ಯವಧಾನ ಬೇಕು.

ಸ್ವಂತ ಧ್ವನಿಯೋ, ಬೇರೆಯವರ ಧ್ವನಿಯೋ

ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ, 2022ರ ಮಾರ್ಚ್ 17ರಂದು ‘ಜೇಮ್ಸ್’ ತೆರೆಗೆ ಬಂದಾಗ ಅವರ ಪಾತ್ರಕ್ಕೆ ಮಾತಾಡಿದ್ದವರು ಅಣ್ಣ ಶಿವರಾಜ್‌ಕುಮಾರ್. ಜನ ಕಣ್ಣೀರಿಟ್ಟು ಒಪ್ಪಿಕೊಂಡರು. ಆದರೂ ಕೆಲವೇ ವಾರಗಳಲ್ಲಿ ತಂತ್ರಜ್ಞಾನದ ನೆರವಿನಿಂದ ಪುನೀತ್ ಅವರದೇ ಧ್ವನಿ ಕೂರಿಸಿದ ಆವೃತ್ತಿ ಬಂತು. ಮುಖ ಪೂರ್ತಿ ಇದ್ದರೂ ಧ್ವನಿ ಇಲ್ಲದೆ ಮನುಷ್ಯ ಪೂರ್ತಿ ಬರಲಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಈಗ ಅಂಥ ತಂತ್ರ ಸುಲಭವಾಗಿರುವುದರಿಂದ, ‘ನನ್ನ ಧ್ವನಿಯನ್ನು ಈ ಚಿತ್ರಕ್ಕೆ ಬಿಟ್ಟು ಬೇರೆಲ್ಲೂ ಯಂತ್ರದಿಂದ ಮರುಸೃಷ್ಟಿ ಮಾಡುವಂತಿಲ್ಲ’ ಎಂಬ ಸಾಲನ್ನು ಪ್ರತಿ ನಟ ಕರಾರಿನಲ್ಲಿ ಕೇಳಬೇಕು.

ಬೇರೆಯವರ ಧ್ವನಿ ಅನಿವಾರ್ಯವಾದರೆ ಆ ಕಲಾವಿದೆಯನ್ನು ಕೊನೆಗೆ ಹುಡುಕಬೇಡಿ, ನಟಿಯನ್ನು ಆರಿಸಿದ ವಾರವೇ ಆರಿಸಿ. ಅವರಿಂದ ಎಲ್ಲ ಸಾಲನ್ನೂ ಓದಿಸಿ, ಆ ಲಯ ಕೇಳಿಕೊಂಡು ನಟಿ ಸೆಟ್ಟಿಗೆ ಬರಲಿ. ಡಬ್ಬಿಂಗ್ ಕೋಣೆಯಲ್ಲಿ ಮೊದಲು ನೋಡಬೇಕಾದದ್ದು ಪ, ಬ, ಮ. ಈ ಮೂರಕ್ಕೂ ತುಟಿ ಮುಚ್ಚಲೇಬೇಕು. ಹಿಂದಿಯಲ್ಲೋ, ಸಾಲು ಬಾರದೆ ಬರೀ ಅಂಕಿ ಎಣಿಸುತ್ತಲೋ ಮಾತಾಡಿದ ಶಾಟಿಗೆ ‘ಅಮ್ಮ’ ಎಂದು ಕೂರಿಸಿದರೆ ತೆರೆದ ತುಟಿಯಿಂದ ‘ಮ್ಮ’ ಬರುತ್ತದೆ, ಪ್ರೇಕ್ಷಕನಿಗೆ ಏನೋ ತಪ್ಪಿದೆ ಎನಿಸುತ್ತದೆ. ಅಂಥ ಕಡೆ ಪದವನ್ನೇ ಬದಲಿಸಿ, ಇಲ್ಲವೇ ಬೆನ್ನ ಹಿಂದಿನ ಶಾಟ್ ಹಾಕಿ.

ಈಗ ಘೋಷಣೆಯಾಗಿರುವವು

ನಿತೇಶ್ ತಿವಾರಿ ನಿರ್ದೇಶನದ ‘ರಾಮಾಯಣ’ ಎರಡು ಭಾಗ, 2026 ಮತ್ತು 2027ರ ದೀಪಾವಳಿಗೆ ಎಂದು ಘೋಷಣೆ. ರಾಮನಾಗಿ ರಣ್‌ಬೀರ್ ಕಪೂರ್, ಸೀತೆಯಾಗಿ ಸಾಯಿ ಪಲ್ಲವಿ, ರಾವಣನಾಗಿ ಯಶ್. ಮೂಲ ಹಿಂದಿ. ನಮಗೆ ಇಲ್ಲಿ ಅಪರೂಪದ ಅವಕಾಶ ಕಾಣುತ್ತದೆ: ಕನ್ನಡ ಆವೃತ್ತಿಯಲ್ಲಿ ಯಶ್ ತಾವೇ ಮಾತಾಡಿದರೆ, ಡಬ್ ಆದ ಚಿತ್ರದಲ್ಲಿ ರಾವಣ ಒಬ್ಬನದು ಮೂಲ ಧ್ವನಿ. ಯಕ್ಷಗಾನ, ಕಂಪನಿ ನಾಟಕಗಳಲ್ಲಿ ರಾವಣನ ಮಾತು ಕೇಳುತ್ತ ಬೆಳೆದ ನಾಡಿಗೆ ಇದು ಸಣ್ಣ ವಿಷಯವಲ್ಲ. ಸಾಯಿ ಪಲ್ಲವಿ ಅವರ ಮನೆಮಾತು ನೀಲಗಿರಿಯ ಬಡಗ, ಕನ್ನಡಕ್ಕೆ ತೀರ ಹತ್ತಿರದ ನುಡಿ. ಹದಿನೈದು ದಿನ ಕೂತರೆ ಅವರೂ ಕನ್ನಡ ಸೀತೆಗೆ ಧ್ವನಿಯಾಗಬಲ್ಲರು. ನಿರ್ಮಾಪಕರು ಆ ಹದಿನೈದು ದಿನಗಳನ್ನು ಕೇಳಲೇಬೇಕು.

ಪ್ರಶಾಂತ್ ವರ್ಮ ಅವರ ‘ಜೈ ಹನುಮಾನ್’ನಲ್ಲಿ ರಿಷಬ್ ಶೆಟ್ಟಿ. ಮೈಯಲ್ಲಿ ಪಾತ್ರ ಹೊತ್ತು ಕುಣಿಯುವ ಶಕ್ತಿಯನ್ನು ‘ಕಾಂತಾರ’ ತೋರಿಸಿದೆ, ಅದಕ್ಕೇ ರಾಷ್ಟ್ರ ಪ್ರಶಸ್ತಿಯೂ ಬಂದಿದೆ. ಆದರೆ ಕುಂದಾಪುರದ ಕಡೆಯ ಕೆರಾಡಿ ಊರಿನ ಈ ಹುಡುಗನ ಬಲದ ಅರ್ಧ ಅವರ ಕುಂದಾಪ್ರ ನಾಲಿಗೆಯಲ್ಲಿದೆ. ತೆಲುಗಿನಲ್ಲಿ ಅದು ಸಿಗದು. ಹಾಗಾಗಿ ಮಾತು ಕಡಿಮೆಯಿದ್ದು ಮೌನ ಹೆಚ್ಚಿದ್ದರೆ ಈ ಆಯ್ಕೆ ಗೆಲ್ಲುತ್ತದೆ, ಉದ್ದ ಭಾಷಣಗಳಿದ್ದರೆ ಕಷ್ಟ.

ಗೀತು ಮೋಹನ್‌ದಾಸ್ ನಿರ್ದೇಶನದ ‘ಟಾಕ್ಸಿಕ್’ನದು ಬೇರೆ ಲೆಕ್ಕ. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಚಿತ್ರೀಕರಿಸಿದ್ದು ಸರಿಯಾದ ನಿರ್ಧಾರ, ತುಟಿಗಳು ನಿಜವಾಗಿ ಕನ್ನಡ ಆಡಬೇಕಾಗುತ್ತದೆ. ಕಿಯಾರಾ ಅಡ್ವಾಣಿ, ನಯನತಾರಾ, ಹುಮಾ ಖುರೇಷಿ, ತಾರಾ ಸುತಾರಿಯಾ, ರುಕ್ಮಿಣಿ ವಸಂತ್ ಎಂಬ ಐದು ಹೆಸರಿನಲ್ಲಿ ಕನ್ನಡದಲ್ಲಿ ಬೆಳೆದು ಬಂದವರು ರುಕ್ಮಿಣಿ. ಬೆಂಗಳೂರಿನವರು, ಲಂಡನ್ನಿನ ರಾಡಾ ನಾಟಕಶಾಲೆಯಲ್ಲಿ ರಂಗತರಬೇತಿ ಪಡೆದವರು. ನಯನತಾರಾ ಮಲಯಾಳಂ ನಾಲಿಗೆಯವರಾದ್ದರಿಂದ ಅಕ್ಷರಗಳು ತೊಂದರೆ ಕೊಡಲಾರವು. ಉಳಿದ ಮೂವರ ಹತ್ತಿರದ ಶಾಟುಗಳಲ್ಲಿ ‘ಳ’ ಬಂದಾಗ ನಾಲಿಗೆ ಮೇಲಕ್ಕೆ ಮಡಚಿಕೊಳ್ಳುತ್ತದೆಯೇ, ‘ಮ’ ಬಂದಾಗ ತುಟಿ ಮುಚ್ಚುತ್ತದೆಯೇ ನೋಡಿ. ಪ್ರೇಮ್ ಅವರ ‘ಕೆಡಿ’ಯಲ್ಲಿ ಸಂಜಯ್ ದತ್ ಜೊತೆಗೆ ಶಿಲ್ಪಾ ಶೆಟ್ಟಿ ಇದ್ದಾರೆ. ಅವರು ಮಂಗಳೂರಿನಲ್ಲಿ ಹುಟ್ಟಿದ ತುಳು ಮನೆತನದವರು, 1998ರಲ್ಲೇ ರವಿಚಂದ್ರನ್ ಜೊತೆ ಕನ್ನಡದಲ್ಲಿ ನಟಿಸಿದವರು. ತುಳುವಿನವರಿಗೆ ಹ್ರಸ್ವ ‘ಎ’ ಮನೆಯ ಮಾತಿನಲ್ಲೇ ಇದೆ, ‘ಳ’ವೂ ಹಲವರ ತುಳುವಿನಲ್ಲಿ ಇದೆ. ಅಂಥವರಿಗೆ ಬೇರೆಯವರ ಧ್ವನಿ ಕೊಡಿಸುವ ಅಗತ್ಯವೇ ಇಲ್ಲ.